ಟೂಲ್‌ಬಾರ್ ನಿಮ್ಮ ಕೈಗೆ ಒಗ್ಗಲಿ

ಐಟಿಐನಲ್ಲಿ ಡ್ರಾಫ್ಟ್ಸ್‌ಮನ್ ಸಿವಿಲ್ ಅಥವಾ ಮೆಕ್ಯಾನಿಕಲ್ ಓದಿದವರು, ಪಾಲಿಟೆಕ್ನಿಕ್‌ನಲ್ಲಿ ಡಿಪ್ಲೊಮಾ ಮುಗಿಸಿದವರು ಕೆಲಸಕ್ಕೆ ಸೇರಿದ ಮೊದಮೊದಲಲ್ಲಿ ಒಂದು ತೊಂದರೆ ಎದುರಿಸುತ್ತಾರೆ. ಲ್ಯಾಬಿನಲ್ಲಿ ಕಲಿತ ಆಟೋಕ್ಯಾಡ್ ಒಂದು ಥರ, ಆಫೀಸಿನ ಕಂಪ್ಯೂಟರಿನಲ್ಲಿರುವ ಆಟೋಕ್ಯಾಡ್ ಇನ್ನೊಂದು ಥರ. ಅಲ್ಲಿ ಪರದೆಯ ಎಡ ಅಂಚಿನಲ್ಲಿದ್ದ ಐಕಾನುಗಳ ಸಾಲು ಇಲ್ಲಿ ಕಾಣುವುದಿಲ್ಲ. ಅದರ ಬದಲು ಮೇಲ್ಗಡೆ ಅಗಲವಾದ ಪಟ್ಟಿಯೊಂದು ಹರಡಿಕೊಂಡಿರುತ್ತದೆ. ಗೋಡೆಯ ದಪ್ಪ ಕೊಡುವುದು, ಹೆಚ್ಚಾದ ಗೆರೆ ಕತ್ತರಿಸುವುದು, ಅಳತೆ ಬರೆಯುವುದು ಎಲ್ಲವೂ ಬರುತ್ತದೆ. ಆದರೆ ಎಲ್ಲಿ ಒತ್ತಬೇಕು ಎಂಬಲ್ಲೇ ಕೈ ನಿಂತುಬಿಡುತ್ತದೆ. ಅವರಿಗೆ ವಿದ್ಯೆ ಬರುವುದಿಲ್ಲ ಎಂದಲ್ಲ. ‘ಎಡಗಡೆ ಮೇಲಿಂದ ಮೊದಲನೆಯದು ಲೈನ್, ಬಲಗಡೆ ನಾಲ್ಕನೆಯದು ಆಫ್‌ಸೆಟ್’ ಎಂದು ಜಾಗದ ಗುರುತಿನ ಮೇಲೆ ಅವರಿಗೆ ಕಲಿಸಲಾಗಿದೆ. ಜಾಗ ಬದಲಾದ ದಿನ ಕಲಿತದ್ದೂ ಕೈಬಿಡುತ್ತದೆ.

ಕಂಪ್ಯೂಟರಿನಲ್ಲಿ ನಕ್ಷೆ ಬಿಡಿಸುವವರಿಗೆ ಈ ಐಕಾನುಗಳ ಸಾಲು, ಅಂದರೆ ಟೂಲ್‌ಬಾರ್ ದಿನವಿಡೀ ಕಣ್ಣೆದುರಿರುವ ವಸ್ತು. ಅಷ್ಟು ಹತ್ತಿರದ್ದಾದ್ದರಿಂದಲೇ ಅದು ಹೇಗೆ ಕೆಲಸ ಮಾಡುತ್ತದೆ, ಅದನ್ನು ನಮಗೆ ಬೇಕಾದಂತೆ ಹೇಗೆ ಜೋಡಿಸಿಕೊಳ್ಳಬೇಕು ಎಂದು ಯಾರೂ ಕೂತು ಹೇಳಿಕೊಡುವುದಿಲ್ಲ. ನಾನು ಹೇಳಬೇಕೆಂದಿರುವುದು ಇಷ್ಟೇ. ಪ್ರತಿ ಐಕಾನಿನ ಹಿಂದೆ ಒಂದು ಕಮಾಂಡ್ ಇದೆ. ಐಕಾನಿನ ಜಾಗ ಬದಲಾಗುತ್ತದೆ, ಚಿತ್ರ ಬದಲಾಗುತ್ತದೆ, ಆದರೆ ಕಮಾಂಡ್ ಉಳಿಯುತ್ತದೆ. ಟೂಲ್‌ಬಾರನ್ನು ಆ ಕಮಾಂಡ್ ಕಲಿಸುವ ಮೇಷ್ಟರಂತೆ ಬಳಸಿಕೊಂಡವರು ಯಾವ ಆವೃತ್ತಿ ಬಂದರೂ ಕಂಗೆಡುವುದಿಲ್ಲ.

ಎರಡು ಕೈಯ ಕೆಲಸ

ಹಳೆಯ ಡ್ರಾಯಿಂಗ್ ಬೋರ್ಡಿನ ಮುಂದೆ ನಿಂತವರನ್ನು ನೆನೆಯಿರಿ. ಎಡಗೈ ಟಿ-ಸ್ಕ್ವೇರ್ ಅಥವಾ ಡ್ರಾಫ್ಟರ್ ಹಿಡಿದಿರುತ್ತಿತ್ತು, ಬಲಗೈಯಲ್ಲಿ ಪೆನ್ಸಿಲ್. ಒಂದು ಕೈ ದಿಕ್ಕು ತೋರಿಸುತ್ತಿತ್ತು, ಇನ್ನೊಂದು ಕೈ ಗೆರೆ ಎಳೆಯುತ್ತಿತ್ತು. ಕಂಪ್ಯೂಟರಿಗೆ ನಕ್ಷೆ ಬಂದಾಗಲೂ ಈ ಎರಡು ಕೈಯ ಲೆಕ್ಕ ತಪ್ಪಲಿಲ್ಲ. ಅಮೆರಿಕದ ಎಂಐಟಿಯಲ್ಲಿ ಇವಾನ್ ಸದರ್ಲೆಂಡ್ 1963ರಲ್ಲಿ ತಮ್ಮ ಪಿಎಚ್‌ಡಿಗಾಗಿ ಸಿದ್ಧಪಡಿಸಿದ ಸ್ಕೆಚ್‌ಪ್ಯಾಡ್ ಈ ಇಡೀ ಕ್ಷೇತ್ರದ ತಾಯಿಬೇರು. ಟಿಎಕ್ಸ್-2 ಎಂಬ ಕಂಪ್ಯೂಟರಿನ ಪರದೆಯ ಮೇಲೆ ಒಂದು ಕೈಯಲ್ಲಿ ಲೈಟ್ ಪೆನ್ ಹಿಡಿದು ಬಿಂದು ತೋರಿಸಬೇಕಿತ್ತು. ಇನ್ನೊಂದು ಕೈ ಪಕ್ಕದ ಪೆಟ್ಟಿಗೆಯಲ್ಲಿದ್ದ ಬಟನ್‌ಗಳನ್ನು ಒತ್ತಿ ‘ಗೆರೆ ಎಳೆ’, ‘ವೃತ್ತ ಬಿಡಿಸು’, ‘ಜರುಗಿಸು’ ಎಂದು ಹೇಳಬೇಕಿತ್ತು. ಇಂದಿನ ಟೂಲ್‌ಬಾರಿನ ಮೂಲ ಆ ಬಟನ್ ಪೆಟ್ಟಿಗೆಯಲ್ಲಿದೆ ಎಂದರೆ ತಪ್ಪಾಗಲಾರದು. ಎಲ್ಲಿ ಎಂಬುದನ್ನು ಒಂದು ಕೈ ತೋರಿಸುತ್ತದೆ, ಏನು ಎಂಬುದನ್ನು ಇನ್ನೊಂದು ಕೈ ಹೇಳುತ್ತದೆ.

ಆಟೋಕ್ಯಾಡ್ ಜನರೆದುರು ಬಂದದ್ದು 1982ರ ನವೆಂಬರಿನಲ್ಲಿ, ಲಾಸ್ ವೇಗಾಸ್‌ನ ಕಾಮ್‌ಡೆಕ್ಸ್ ಪ್ರದರ್ಶನದಲ್ಲಿ. ಅದೇ ವರ್ಷ ಹುಟ್ಟಿದ ಆಟೋಡೆಸ್ಕ್ ಕಂಪನಿಯ ಮೊದಲ ದೊಡ್ಡ ಸರಕು ಅದು. ಆಗ ಅದರಲ್ಲಿ ಐಕಾನುಗಳಿರಲಿಲ್ಲ. ಪರದೆಯ ಕೆಳಗೆ ಕಮಾಂಡ್ ಲೈನ್, ಬಲ ಅಂಚಿನಲ್ಲಿ ಅಕ್ಷರಗಳ ಮೆನು, ಅಷ್ಟೇ. ಅನುಕೂಲವಿದ್ದ ಆಫೀಸುಗಳು ಡಿಜಿಟೈಸರ್ ಟ್ಯಾಬ್ಲೆಟ್ ಇಟ್ಟುಕೊಳ್ಳುತ್ತಿದ್ದವು. ಮೇಜಿನ ಮೇಲೆ ಹರಡಿದ ಆ ಹಲಗೆಗೆ ಕಮಾಂಡ್‌ಗಳನ್ನು ಮುದ್ರಿಸಿದ ಹಾಳೆ ಹೊದಿಸಿ, ಬೇಕಾದ ಚೌಕದ ಮೇಲೆ ಪಕ್ ಎಂಬ ಸಾಧನವಿಟ್ಟು ಒತ್ತಿದರೆ ಕಮಾಂಡ್ ಶುರುವಾಗುತ್ತಿತ್ತು. ಎಳೆದು ತೆರೆಯುವ ಮೆನುಗಳು 1987ರ ರಿಲೀಸ್ 9ರಲ್ಲಿ ಬಂದವು. ತೊಂಬತ್ತರ ದಶಕದಲ್ಲಿ ವಿಂಡೋಸ್‌ಗೆ ಕಾಲಿಟ್ಟಾಗ ಟ್ಯಾಬ್ಲೆಟ್ಟಿನ ಚೌಕಗಳು ಪರದೆಗೇ ಹತ್ತಿ ಐಕಾನುಗಳ ಟೂಲ್‌ಬಾರ್ ಆದವು. 1997ರ ರಿಲೀಸ್ 14ರ ವೇಳೆಗೆ ಆಟೋಕ್ಯಾಡ್ ಪೂರ್ತಿಯಾಗಿ ವಿಂಡೋಸ್‌ನದಾಯಿತು. ಆಮೇಲಿನ ಹಲವು ವರ್ಷ ಎಡಗಡೆ ಡ್ರಾ, ಬಲಗಡೆ ಮಾಡಿಫೈ, ಮೇಲೆ ಸ್ಟ್ಯಾಂಡರ್ಡ್, ಲೇಯರ್ಸ್, ಪ್ರಾಪರ್ಟೀಸ್ ಎಂಬ ಜೋಡಣೆಯೇ ಸಾವಿರಾರು ಡ್ರಾಫ್ಟ್ಸ್‌ಮನ್‌ಗಳ ಕಣ್ಣಿಗೆ ಕಟ್ಟಿತು.

2008ರಲ್ಲಿ ಬಂದ ಆಟೋಕ್ಯಾಡ್ 2009 ಮೇಲ್ಗಡೆ ಹರಡುವ ಅಗಲವಾದ ಪಟ್ಟಿಯನ್ನು, ಅಂದರೆ ರಿಬ್ಬನ್ನನ್ನು ತಂದಿತು. ಮೈಕ್ರೋಸಾಫ್ಟ್ ಅದರ ಹಿಂದಿನ ವರ್ಷವಷ್ಟೇ ಆಫೀಸ್ 2007ರಲ್ಲಿ ಇಂಥದೇ ಪಟ್ಟಿಯನ್ನು ಬಳಕೆಗೆ ತಂದಿತ್ತು. ಬೇಡವೆಂದವರಿಗೆ ‘ಆಟೋಕ್ಯಾಡ್ ಕ್ಲಾಸಿಕ್’ ಎಂಬ ಸಿದ್ಧ ವರ್ಕ್‌ಸ್ಪೇಸ್ ಕೆಲವು ಕಾಲ ಉಳಿದಿತ್ತು. ಆಟೋಕ್ಯಾಡ್ 2015ರಲ್ಲಿ ಅದನ್ನೂ ತೆಗೆದರು. ಆ ಹೊತ್ತಿಗೆ ಹಲವರು ‘ಇನ್ನು ಟೂಲ್‌ಬಾರೇ ಇಲ್ಲ’ ಎಂದುಕೊಂಡರು, ಈಗಲೂ ಹಾಗೆ ನಂಬಿದವರಿದ್ದಾರೆ. ನಿಜವಾಗಿ ಹೋದದ್ದು ಆ ಸಿದ್ಧ ಜೋಡಣೆ ಮಾತ್ರ. ಟೂಲ್‌ಬಾರುಗಳೆಲ್ಲ ಒಳಗೇ ಇವೆ, ಕರೆದರೆ ಬರುತ್ತವೆ.

ಕರೆಯುವುದು ಹೇಗೆ

ಪರದೆಯ ತೀರಾ ಮೇಲೆ, ಸೇವ್ ಮತ್ತು ಅನ್‌ಡೂ ಐಕಾನುಗಳಿರುವ ಸಣ್ಣ ಸಾಲಿಗೆ ಕ್ವಿಕ್ ಆಕ್ಸೆಸ್ ಟೂಲ್‌ಬಾರ್ ಎಂದು ಹೆಸರು. ಅದರ ತುದಿಯ ಪುಟ್ಟ ಬಾಣ ಒತ್ತಿದರೆ ‘ಶೋ ಮೆನು ಬಾರ್’ ಎಂಬ ಆಯ್ಕೆ ಸಿಗುತ್ತದೆ. ಅದನ್ನು ಆರಿಸಿದ ಕೂಡಲೇ ಫೈಲ್, ಎಡಿಟ್, ವ್ಯೂ ಎಂದು ಹಳೆಯ ಮೆನುಗಳು ಬಂದು ನಿಲ್ಲುತ್ತವೆ. ಟೂಲ್ಸ್ ಮೆನುವಿನೊಳಗೆ ಟೂಲ್‌ಬಾರ್ಸ್, ಅದರೊಳಗೆ ಆಟೋಕ್ಯಾಡ್ ಎಂದು ಹೋದರೆ ಹತ್ತಾರು ಟೂಲ್‌ಬಾರುಗಳ ಪಟ್ಟಿ ತೆರೆಯುತ್ತದೆ. ಮೊದಲನೆಯದನ್ನು ಹೀಗೆ ತರಬೇಕು. ಆಮೇಲೆ ತಂದ ಟೂಲ್‌ಬಾರಿನ ಮೇಲೆ ಬಲ ಕ್ಲಿಕ್ ಮಾಡಿದರೆ ಉಳಿದವುಗಳ ಪಟ್ಟಿ ಅಲ್ಲೇ ಸಿಗುತ್ತದೆ.

ಟೂಲ್‌ಬಾರನ್ನು ಅದರ ತುದಿಯಲ್ಲಿ ಹಿಡಿದು ಎಳೆದು ಪರದೆಯ ಅಂಚಿಗೆ ತಂದರೆ ಅಲ್ಲಿ ಅಂಟಿಕೊಳ್ಳುತ್ತದೆ. ನಡುವೆ ಬಿಟ್ಟರೆ ತೇಲುತ್ತಿರುತ್ತದೆ. ಅಂಚಿನ ಹತ್ತಿರ ಇಟ್ಟೂ ಅಂಟಬಾರದು ಎಂದಿದ್ದರೆ ಎಳೆಯುವಾಗ ಕಂಟ್ರೋಲ್ ಕೀ ಹಿಡಿದಿರಬೇಕು. ಎಲ್ಲವೂ ಜಾಗಕ್ಕೆ ಕೂತ ಮೇಲೆ ಲಾಕ್ ಮಾಡುವ ಸೌಲಭ್ಯವಿದೆ. ಲ್ಯಾಬುಗಳಲ್ಲಿ, ಒಂದೇ ಕಂಪ್ಯೂಟರನ್ನು ಮೂರು ಜನ ಬಳಸುವ ಆಫೀಸುಗಳಲ್ಲಿ ಇದನ್ನು ಮಾಡಲೇಬೇಕು. ಇಲ್ಲದಿದ್ದರೆ ಯಾರದೋ ಕೈ ತಾಗಿ ಟೂಲ್‌ಬಾರ್ ಕಳಚಿ ಬರುತ್ತದೆ. ಕೊನೆಯದಾಗಿ, ಕೆಳಗಿನ ಸ್ಟೇಟಸ್ ಬಾರ್‌ನಲ್ಲಿರುವ ಹಲ್ಲುಚಕ್ರದ ಐಕಾನ್ ಒತ್ತಿ ಈ ಜೋಡಣೆಗೆ ಒಂದು ಹೆಸರು ಕೊಟ್ಟು ವರ್ಕ್‌ಸ್ಪೇಸ್ ಆಗಿ ಉಳಿಸಬೇಕು. ಈ ಕೊನೆಯ ಹೆಜ್ಜೆಯನ್ನು ಬಿಟ್ಟವರೇ ‘ಎಲ್ಲ ಮಾಯವಾಯಿತು’ ಎಂದು ಮತ್ತೆ ಮತ್ತೆ ಮೊದಲಿಂದ ಶುರುಮಾಡುವುದು. ಹೆಸರಿಟ್ಟು ಉಳಿಸಿದ ವರ್ಕ್‌ಸ್ಪೇಸ್ ಇದ್ದರೆ ಪರದೆ ಎಷ್ಟೇ ಚದುರಿದರೂ ಅದನ್ನು ಮತ್ತೆ ಆರಿಸಿಕೊಂಡರೆ ಸಾಕು.

ಯಾವುದು ಇರಬೇಕು, ಯಾವುದು ಬೇಡ

ಇಲ್ಲಿ ಎಲ್ಲರೂ ಬೀಳುವ ಹಳ್ಳವೆಂದರೆ ಕಂಡದ್ದನ್ನೆಲ್ಲ ಹರಡಿಕೊಳ್ಳುವುದು. ಅಡುಗೆಮನೆಯ ಒಗ್ಗರಣೆ ಡಬ್ಬಿಯಲ್ಲಿ ದಿನಾ ಬೇಕಾಗುವ ಸಾಸಿವೆ, ಜೀರಿಗೆ, ಮೆಣಸಿನಕಾಯಿಗಳಿಗೆ ಮಾತ್ರ ಬಟ್ಟಲು ಇರುತ್ತದೆ, ಹಬ್ಬಕ್ಕೆ ಬೇಕಾದದ್ದು ಕಪಾಟಿನಲ್ಲಿರುತ್ತದೆ. ಟೂಲ್‌ಬಾರಿನ ಲೆಕ್ಕವೂ ಅದೇ. ಸೈಟಿನ ಪ್ಲಾನ್ ಬಿಡಿಸುವವರಿಗೆ ಮೂರು ಆಯಾಮದ ಸಾಲಿಡ್ ಎಡಿಟಿಂಗ್ ಸಾಲು ಕಣ್ಣೆದುರು ಬೇಕಿಲ್ಲ. ಯಂತ್ರದ ಬಿಡಿಭಾಗ ಬಿಡಿಸುವವರಿಗೆ ಅದೇ ದಿನನಿತ್ಯದ್ದಾಗಬಹುದು.

ಮನೆಯ ಪ್ಲಾನ್ ಬಿಡಿಸುವವರಿಗೆ ನನ್ನ ಸಲಹೆ ನಾಲ್ಕೇ ಸಾಲು: ಡ್ರಾ, ಮಾಡಿಫೈ, ಲೇಯರ್ಸ್, ಪ್ರಾಪರ್ಟೀಸ್. ಇವುಗಳಲ್ಲಿ ಲೇಯರ್ಸ್ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಗೋಡೆ ಒಂದು ಲೇಯರ್, ಬಾಗಿಲು ಕಿಟಕಿ ಒಂದು, ಅಳತೆ ಒಂದು, ಪೀಠೋಪಕರಣ ಒಂದು ಎಂದು ಬೇರೆ ಬೇರೆ ಇಟ್ಟಾಗಲೇ ನಕ್ಷೆ ಹದದಲ್ಲಿರುತ್ತದೆ. ಆ ಶಿಸ್ತು ಬರಬೇಕಾದರೆ ಲೇಯರ್ ಬದಲಿಸುವುದು ಒಂದು ಕ್ಲಿಕ್ಕಿನ ಕೆಲಸವಾಗಿರಬೇಕು. ಈ ಸಾಲಿನಲ್ಲಿ ‘ಮೇಕ್ ಆಬ್ಜೆಕ್ಟ್ಸ್ ಲೇಯರ್ ಕರೆಂಟ್’ ಎಂಬ ಐಕಾನ್ ಇದೆ. ಅದನ್ನೊತ್ತಿ ನಕ್ಷೆಯಲ್ಲಿರುವ ಯಾವುದಾದರೂ ಗೋಡೆಯನ್ನು ಮುಟ್ಟಿದರೆ ಗೋಡೆಯ ಲೇಯರೇ ಚಾಲ್ತಿಗೆ ಬರುತ್ತದೆ. ಪಟ್ಟಿ ತೆರೆದು ಹೆಸರು ಹುಡುಕುವ ಕೆಲಸವಿಲ್ಲ. ಪಕ್ಕದ ‘ಲೇಯರ್ ಪ್ರೀವಿಯಸ್’ ಒತ್ತಿದರೆ ಲೇಯರ್‌ಗಳು ಹಿಂದೆ ಇದ್ದ ಸ್ಥಿತಿಗೆ ಮರಳುತ್ತವೆ. ಈ ಎರಡನ್ನು ಅಭ್ಯಾಸ ಮಾಡಿಕೊಂಡವರ ನಕ್ಷೆಯಲ್ಲಿ ಬಾಗಿಲು ಗೋಡೆಯ ಲೇಯರಿಗೆ ಹೋಗಿ ಕೂರುವುದಿಲ್ಲ.

ಪ್ರಾಪರ್ಟೀಸ್ ಸಾಲನ್ನು ಇಟ್ಟುಕೊಳ್ಳಬೇಕಾದದ್ದು ಹೆಚ್ಚಾಗಿ ಕಣ್ಣಿಡುವುದಕ್ಕೆ. ಅದರಲ್ಲಿ ಗಮನಿಸಬೇಕಾದ ಪಟ್ಟಿಗಳು ಮೂರು: ಬಣ್ಣ, ಗೆರೆಯ ಬಗೆ, ಗೆರೆಯ ದಪ್ಪ. ಮೂರೂ ‘ಬೈಲೇಯರ್’ ಎಂದಿರಬೇಕು. ಏನನ್ನೂ ಸೆಲೆಕ್ಟ್ ಮಾಡದೆ ಬಣ್ಣದ ಪಟ್ಟಿಯಲ್ಲಿ ಕೆಂಪು ಆರಿಸಿದರೆ ಆ ಕ್ಷಣದಿಂದ ಬಿಡಿಸಿದ್ದೆಲ್ಲ, ಯಾವ ಲೇಯರಿನಲ್ಲಿದ್ದರೂ, ಕೆಂಪಾಗುತ್ತದೆ. ಆಮೇಲೆ ಲೇಯರಿನ ಬಣ್ಣ ಬದಲಿಸಿದರೂ ಆ ಗೆರೆಗಳು ಬದಲಾಗುವುದಿಲ್ಲ. ಪ್ರಿಂಟಿನಲ್ಲಿ ಗೆರೆಯ ದಪ್ಪ ಬಣ್ಣದ ಲೆಕ್ಕದಲ್ಲಿ ಬರುವ ಆಫೀಸುಗಳಲ್ಲಿ ಇದು ಇಡೀ ಹಾಳೆಯನ್ನು ಕೆಡಿಸುತ್ತದೆ. ಒಂದು ಕಣ್ಣು ಆ ಮೂರು ಪಟ್ಟಿಗಳ ಮೇಲಿದ್ದರೆ ತಪ್ಪು ಹುಟ್ಟಿದಲ್ಲೇ ಸಿಗುತ್ತದೆ.

ಡೈಮೆನ್ಷನ್ ಸಾಲು ಅಳತೆ ಬರೆಯುವ ಹೊತ್ತಿಗೆ ಬೇಕು, ಮಿಕ್ಕ ಹೊತ್ತು ಜಾಗ ತಿನ್ನುತ್ತದೆ. ಅದಕ್ಕಾಗಿ ಎರಡನೆಯ ವರ್ಕ್‌ಸ್ಪೇಸ್ ಮಾಡಿಟ್ಟುಕೊಳ್ಳಿ: ಬಿಡಿಸಲು ಒಂದು, ಅಳತೆ ಮತ್ತು ಬರಹಕ್ಕೆ ಒಂದು. ಆಬ್ಜೆಕ್ಟ್ ಸ್ನ್ಯಾಪ್ ಸಾಲನ್ನಂತೂ ತೆಗೆದುಬಿಡಬಹುದು. ಎಂಡ್‌ಪಾಯಿಂಟ್, ಮಿಡ್‌ಪಾಯಿಂಟ್, ಇಂಟರ್‌ಸೆಕ್ಷನ್ ಮುಂತಾದವನ್ನು ಒಮ್ಮೆ ಹೊಂದಿಸಿಟ್ಟು ಎಫ್3 ಕೀ ಒತ್ತಿ ಬೇಕಾದಾಗ ಆನ್, ಬೇಡವಾದಾಗ ಆಫ್ ಮಾಡಬಹುದು. ಒಂದೇ ಒಂದು ಸಲಕ್ಕೆ ಬೇರೆ ಸ್ನ್ಯಾಪ್ ಬೇಕಾದರೆ ಶಿಫ್ಟ್ ಹಿಡಿದು ಬಲ ಕ್ಲಿಕ್ ಮಾಡಿ, ಅದರ ಮೆನು ಕರ್ಸರಿನ ಬಳಿಯೇ ತೆರೆಯುತ್ತದೆ. ಪರದೆಯ ಅಂಚಿನವರೆಗೆ ಹೋಗಿ ಬರುವ ಶ್ರಮ ಉಳಿಯಿತು.

ಈ ಹೋಗಿ ಬರುವ ಶ್ರಮ ಚಿಕ್ಕದಲ್ಲ. ಮನಶ್ಶಾಸ್ತ್ರಜ್ಞ ಪಾಲ್ ಫಿಟ್ಸ್ 1954ರಲ್ಲಿ ಕೈಯ ಚಲನೆಯನ್ನು ಅಳೆದು ಒಂದು ನಿಯಮ ಕಂಡುಕೊಂಡರು. ಗುರಿ ದೂರವಾದಷ್ಟೂ, ಚಿಕ್ಕದಾದಷ್ಟೂ ಅದನ್ನು ತಲುಪಲು ಹೆಚ್ಚು ಹೊತ್ತು ಬೇಕು ಎಂಬುದು ಅದರ ಸಾರ. ಟೂಲ್‌ಬಾರಿನ ಐಕಾನ್ ದೂರವೂ ಹೌದು, ಚಿಕ್ಕದೂ ಹೌದು. ದಿನಕ್ಕೆ ನೂರಾರು ಸಲ ಬಳಸುವ ಲೈನ್, ಮೂವ್, ಕಾಪಿ, ಟ್ರಿಮ್‌ಗಳಿಗೆ ಪ್ರತಿ ಸಲವೂ ನಕ್ಷೆ ಬಿಟ್ಟು ಅಂಚಿಗೆ ಹೋಗಿ, ಮತ್ತೆ ನಕ್ಷೆಯಲ್ಲಿ ಅದೇ ಮೂಲೆ ಹುಡುಕಿಕೊಂಡು ಬರುವುದೆಂದರೆ ಕೈಯಷ್ಟೇ ಅಲ್ಲ, ಗಮನವೂ ದಣಿಯುತ್ತದೆ. ಅದಕ್ಕೇ ಅನುಭವಿಗಳ ಎಡಗೈ ಕೀಬೋರ್ಡಿನ ಮೇಲೆ ಕೂತಿರುತ್ತದೆ. ಎಲ್ ಎಂದರೆ ಲೈನ್, ಓ ಎಂದರೆ ಆಫ್‌ಸೆಟ್, ಟಿಆರ್ ಎಂದರೆ ಟ್ರಿಮ್, ಸಿಓ ಎಂದರೆ ಕಾಪಿ. ಎಂಟರ್ ಕೀಯವರೆಗೂ ಹೋಗಬೇಕಾಗಿಲ್ಲ, ಹೆಬ್ಬೆರಳಿನ ಕೆಳಗಿರುವ ಸ್ಪೇಸ್‌ಬಾರ್ ಅದೇ ಕೆಲಸ ಮಾಡುತ್ತದೆ.

ಹಾಗಿದ್ದರೆ ಟೂಲ್‌ಬಾರ್ ಯಾಕೆ? ನೆನಪಿಸಿಕೊಳ್ಳುವುದಕ್ಕಿಂತ ನೋಡಿ ಗುರುತಿಸುವುದು ಸುಲಭ, ಅದಕ್ಕೆ. ಹೊಸಬರಿಗೆ ಎಲ್ಲವೂ ಹೊಸದು. ಅನುಭವಿಗಳಿಗೂ ವಾರಕ್ಕೊಮ್ಮೆ ಬೇಕಾಗುವ ಬ್ರೇಕ್ ಅಟ್ ಪಾಯಿಂಟ್, ಎಲಿಪ್ಸ್ ಆರ್ಕ್ ಮುಂತಾದವುಗಳ ಸಂಕ್ಷೇಪ ನೆನಪಿರುವುದಿಲ್ಲ. ಪದೇ ಪದೇ ಬೇಕಾದದ್ದು ಬೆರಳಿಗೆ, ಅಪರೂಪಕ್ಕೆ ಬೇಕಾದದ್ದು ಕಣ್ಣಿಗೆ. ಈ ಹಂಚಿಕೆ ಸರಿಯಾದರೆ ಕೆಲಸ ಹಗುರ.

ಐಕಾನ್ ಒತ್ತಿ, ಕಮಾಂಡ್ ಲೈನ್ ಓದಿ

ಈಗ ಒಂದು ಕೋಣೆ ಬಿಡಿಸೋಣ. ಒಳ ಅಳತೆ 10 ಅಡಿಗೆ 12 ಅಡಿ, ಸುತ್ತ 9 ಇಂಚಿನ ಗೋಡೆ, 3 ಅಡಿಯ ಒಂದು ಬಾಗಿಲು. ಯೂನಿಟ್ಸ್ ಆರ್ಕಿಟೆಕ್ಚರಲ್ ಎಂದು ಇಟ್ಟುಕೊಂಡಿದ್ದೇವೆ, ಅಂದರೆ ಬರಿಯ 9 ಎಂದು ಟೈಪ್ ಮಾಡಿದರೆ ಅದು 9 ಇಂಚು. ಮಿಲಿಮೀಟರಿನಲ್ಲಿ ಬಿಡಿಸುವ ಆಫೀಸಾದರೆ ಅದೇ ಗೋಡೆ 230.

ಡ್ರಾ ಸಾಲಿನ ರೆಕ್ಟ್ಯಾಂಗಲ್ ಐಕಾನ್ ಒತ್ತಿ. ಈಗ ಕಣ್ಣು ಕೆಳಗಿನ ಕಮಾಂಡ್ ಲೈನಿಗೆ ಹೋಗಬೇಕು. ಮೊದಲ ಮೂಲೆ ಎಲ್ಲಿ ಎಂದು ಅದು ಕೇಳುತ್ತಿದೆ. ಪಕ್ಕದಲ್ಲಿ ಚೌಕ ಆವರಣದೊಳಗೆ ಚಾಂಫರ್, ಫಿಲೆಟ್, ವಿಡ್ತ್ ಮುಂತಾದ ಬೇರೆ ಆಯ್ಕೆಗಳನ್ನೂ ತೋರಿಸುತ್ತಿದೆ. ಒಂದು ಕಡೆ ಕ್ಲಿಕ್ ಮಾಡಿ. ಈಗ ಎದುರು ಮೂಲೆ ಕೇಳುತ್ತದೆ, ಜೊತೆಗೆ ಡೈಮೆನ್ಷನ್ಸ್ ಎಂಬ ಆಯ್ಕೆಯೂ ಇದೆ. ಡಿ ಒತ್ತಿ ಎಂಟರ್ ಕೊಟ್ಟರೆ ಉದ್ದ, ಅಗಲ ಒಂದೊಂದಾಗಿ ಕೇಳುತ್ತದೆ. ಎರಡನ್ನೂ ಕೊಟ್ಟು ಕೊನೆಗೆ ಯಾವ ಕಡೆಗೆ ಎಂದು ಕ್ಲಿಕ್ ಮಾಡಿದರೆ ಒಳ ಅಂಚು ಸಿದ್ಧ.

ಮುಂದೆ ಮಾಡಿಫೈ ಸಾಲಿನ ಆಫ್‌ಸೆಟ್. ಒತ್ತಿದ ಕೂಡಲೇ ಎಷ್ಟು ದೂರ ಎಂದು ಕೇಳುತ್ತದೆ. 9 ಕೊಟ್ಟು ಎಂಟರ್ ಒತ್ತಿ. ಯಾವುದನ್ನು ಎನ್ನುತ್ತದೆ, ಆಯತವನ್ನು ಮುಟ್ಟಿ. ಯಾವ ಕಡೆಗೆ ಎನ್ನುತ್ತದೆ, ಹೊರಗೆ ಕ್ಲಿಕ್ ಮಾಡಿ. ಹೊರ ಅಳತೆ 11 ಅಡಿ 6 ಇಂಚಿಗೆ 13 ಅಡಿ 6 ಇಂಚು ಆಗಿರಬೇಕು, ಎರಡೂ ಕಡೆಯ ಗೋಡೆ ಸೇರಿ ಒಂದೂವರೆ ಅಡಿ ಹೆಚ್ಚು. ಅಳೆದು ನೋಡಿ ಖಚಿತಪಡಿಸಿಕೊಳ್ಳಿ. ಇಲ್ಲಿಯೇ ಹೊಸಬರು ಹೆಚ್ಚು ಎಡವುವುದು. ಐಕಾನ್ ಒತ್ತಿ ನೇರ ಆಯತದ ಮೇಲೆ ಕ್ಲಿಕ್ ಮಾಡುತ್ತಾರೆ. ಆಗ ಆಟೋಕ್ಯಾಡ್ ಆ ಕ್ಲಿಕ್ಕನ್ನು ದೂರ ಅಳೆಯುವ ಮೊದಲ ಬಿಂದು ಎಂದುಕೊಂಡು ಎರಡನೆಯ ಬಿಂದುವಿಗೆ ಕಾಯುತ್ತದೆ. ಪರದೆಯಲ್ಲಿ ಏನೂ ಆಗುವುದಿಲ್ಲ. ಕಲಿಯುವವರು ಮತ್ತೆ ಮತ್ತೆ ಕ್ಲಿಕ್ ಮಾಡಿ, ಸಾಫ್ಟ್‌ವೇರ್ ಕೆಟ್ಟಿದೆ ಎಂದುಕೊಳ್ಳುತ್ತಾರೆ. ಅದು ಏನನ್ನು ಕಾಯುತ್ತಿದೆ ಎಂಬುದು ಕೆಳಗಿನ ಸಾಲಿನಲ್ಲಿ ಬರೆದೇ ಇರುತ್ತದೆ.

ಬಾಗಿಲಿಗೆ ಎರಡೂ ಗೋಡೆಗೆರೆಗಳನ್ನು ದಾಟುವಂತೆ 3 ಅಡಿ ಅಂತರದ ಎರಡು ಅಡ್ಡಗೆರೆ ಎಳೆದು, ನಡುವಿನ ತುಂಡುಗಳನ್ನು ಟ್ರಿಮ್ ಮಾಡಬೇಕು. ಟ್ರಿಮ್ ಐಕಾನಿನ ಕಥೆ ಕೇಳಿದರೆ ನಾನು ಕಮಾಂಡ್ ಲೈನ್ ಓದಿ ಎಂದು ಇಷ್ಟು ಒತ್ತಿ ಹೇಳುವುದೇಕೆಂದು ತಿಳಿಯುತ್ತದೆ. ಹಳೆಯ ಆವೃತ್ತಿಗಳಲ್ಲಿ ಟ್ರಿಮ್ ಮೊದಲು ‘ಯಾವ ಅಂಚಿನವರೆಗೆ ಕತ್ತರಿಸಲಿ’ ಎಂದು ಕೇಳುತ್ತಿತ್ತು. ಅಂಚುಗಳನ್ನು ಆರಿಸಿ ಎಂಟರ್ ಕೊಟ್ಟ ಮೇಲೆ ಕತ್ತರಿಸಬೇಕಾದ ತುಂಡನ್ನು ಮುಟ್ಟಬೇಕಿತ್ತು. ಆಟೋಕ್ಯಾಡ್ 2021ರಿಂದ ಅದು ತಾನಾಗಿ ಕ್ವಿಕ್ ಮೋಡಿನಲ್ಲಿ ತೆರೆಯುತ್ತದೆ. ಎಲ್ಲ ಗೆರೆಗಳೂ ಅಂಚುಗಳೇ ಎಂದುಕೊಂಡು, ಮುಟ್ಟಿದ ತುಂಡನ್ನು ಕೂಡಲೇ ಕತ್ತರಿಸಿಹಾಕುತ್ತದೆ. ಹಳೆಯ ಅಭ್ಯಾಸದಂತೆ ಅಂಚು ಆರಿಸಲು ಹೋದವರ ಗೆರೆಯೇ ಮಾಯ. ಐಕಾನ್ ಅದೇ, ಹೆಸರು ಅದೇ, ನಡೆ ಮಾತ್ರ ಬೇರೆ. ಆ ವ್ಯತ್ಯಾಸ ಗೊತ್ತಾಗುವುದು ಕಮಾಂಡ್ ಲೈನ್ ನೋಡಿದವರಿಗೆ. ಹಳೆಯ ಕ್ರಮವೇ ಬೇಕೆಂದರೆ ಅಲ್ಲೇ ಮೋಡ್ ಎಂಬ ಆಯ್ಕೆಯೂ ಸಿಗುತ್ತದೆ.

ಐಕಾನ್ ಒತ್ತಿದಾಗಲೆಲ್ಲ ಕಮಾಂಡ್ ಲೈನಿನಲ್ಲಿ ಅದರ ಹೆಸರು ಮೂಡುತ್ತದೆ. ಐಕಾನಿನ ಮೇಲೆ ಕರ್ಸರ್ ಇಟ್ಟು ಒಂದೆರಡು ಕ್ಷಣ ಸುಮ್ಮನಿದ್ದರೆ ಹೆಸರಿನೊಂದಿಗೆ ಸಣ್ಣ ವಿವರಣೆಯೂ ಬರುತ್ತದೆ, ಆಗಲೇ ಎಫ್1 ಒತ್ತಿದರೆ ಅದೇ ಕಮಾಂಡಿನ ಸಹಾಯಪುಟ ತೆರೆಯುತ್ತದೆ. ಮೂಲೆಯಲ್ಲಿ ಪುಟ್ಟ ತ್ರಿಕೋನವಿರುವ ಐಕಾನುಗಳನ್ನು ಒತ್ತಿ ಹಿಡಿದರೆ ಅವುಗಳೊಳಗಿನ ಬಳಗ ಹೊರಬರುತ್ತದೆ. ಹೀಗೆ ಮೊದಲ ತಿಂಗಳು ಐಕಾನ್ ಒತ್ತುತ್ತಾ ಹೆಸರು ಓದಿಕೊಂಡವರು ಮುಂದೆ ತಮಗೆ ಅರಿವಿಲ್ಲದೆಯೇ ಆ ಹೆಸರಿನ ಮೊದಲ ಅಕ್ಷರ ಟೈಪ್ ಮಾಡತೊಡಗುತ್ತಾರೆ.

ನಿಮ್ಮದೇ ಒಂದು ಐಕಾನ್

ಹೆಸರು ಬಲ್ಲವರಿಗೆ ಇನ್ನೊಂದು ಬಾಗಿಲು ತೆರೆಯುತ್ತದೆ. ಟೂಲ್‌ಬಾರಿನ ಮೇಲೆ ಬಲ ಕ್ಲಿಕ್ ಮಾಡಿ ಕಸ್ಟಮೈಸ್ ಎಂದರೆ, ಅಥವಾ ಸಿಯುಐ ಎಂದು ಟೈಪ್ ಮಾಡಿದರೆ, ಆಟೋಕ್ಯಾಡ್ 2006ರಿಂದ ಇರುವ ಎಡಿಟರ್ ತೆರೆಯುತ್ತದೆ. ಅಲ್ಲಿ ಹೊಸ ಟೂಲ್‌ಬಾರಿಗೆ ಹೆಸರಿಟ್ಟು, ಕೆಳಗಿನ ಪಟ್ಟಿಯಿಂದ ಬೇಕಾದ ಕಮಾಂಡ್‌ಗಳನ್ನು ಎಳೆದು ಅದರೊಳಗೆ ಬಿಡಬಹುದು. ಡ್ರಾ ಸಾಲಿನಿಂದ ಐದು, ಮಾಡಿಫೈ ಸಾಲಿನಿಂದ ಎಂಟು, ಲೇಯರಿನಿಂದ ಎರಡು ತಂದು ಒಂದೇ ಸಾಲು ಮಾಡಿದರೆ ಪರದೆಯ ಮೂರು ಕಡೆ ಖಾಲಿಯಾಗುತ್ತದೆ.

ಅಲ್ಲಿಯೇ ಪ್ರತಿ ಐಕಾನಿನ ಹಿಂದಿರುವ ಮ್ಯಾಕ್ರೋ ಕೂಡ ಕಾಣುತ್ತದೆ. ಹೆಚ್ಚಿನವು ಎರಡು ಸಲ ಕಂಟ್ರೋಲ್-ಸಿ ಚಿಹ್ನೆಯಿಂದ ಶುರುವಾಗುತ್ತವೆ, ಅರ್ಧಕ್ಕೆ ನಿಂತ ಹಿಂದಿನ ಕಮಾಂಡನ್ನು ರದ್ದು ಮಾಡಲು. ಆಮೇಲೆ ಒಂದು ಅಡಿಗೆರೆ, ಅದರ ಬೆನ್ನಿಗೆ ಕಮಾಂಡಿನ ಹೆಸರು. ಆ ಅಡಿಗೆರೆಯ ಅರ್ಥ, ಸಾಫ್ಟ್‌ವೇರ್ ಜರ್ಮನ್ ಭಾಷೆಯದಾಗಿದ್ದರೂ ಫ್ರೆಂಚ್ ಭಾಷೆಯದಾಗಿದ್ದರೂ ಇಂಗ್ಲಿಷ್ ಹೆಸರನ್ನೇ ಒಪ್ಪಿಕೋ ಎಂದು. ಅರ್ಧವಿರಾಮ ಚಿಹ್ನೆ ಹಾಕಿದರೆ ಎಂಟರ್ ಒತ್ತಿದಂತೆ. ಇಷ್ಟು ತಿಳಿದರೆ ನಿಮ್ಮದೇ ಐಕಾನ್ ಮಾಡಬಹುದು. ಎರಡು ರದ್ದತಿ ಚಿಹ್ನೆ, ಅಡಿಗೆರೆಯೊಂದಿಗೆ ಆಫ್‌ಸೆಟ್, ಅರ್ಧವಿರಾಮ, 9, ಮತ್ತೊಂದು ಅರ್ಧವಿರಾಮ. ಈ ಮ್ಯಾಕ್ರೋ ಇರುವ ಐಕಾನ್ ಒತ್ತಿದರೆ ಅದು ದೂರ ಕೇಳುವುದಿಲ್ಲ, ನೇರವಾಗಿ ಯಾವ ಗೆರೆ ಎಂದು ಕೇಳುತ್ತದೆ. 9 ಇಂಚಿನ ಗೋಡೆಗೊಂದು, ನಾಲ್ಕೂವರೆ ಇಂಚಿನ ಗೋಡೆಗೊಂದು ಮಾಡಿಟ್ಟರೆ ಮೂವತ್ತು ನಲವತ್ತರ ಸೈಟಿನ ಪ್ಲಾನಿನಲ್ಲಿ ಎಷ್ಟು ಸಲ ಬಳಕೆಯಾಗುತ್ತದೆಂದು ನೀವೇ ಎಣಿಸಿಕೊಳ್ಳಿ. ದೊಡ್ಡ ಆಫೀಸುಗಳಿಗೆ ಎಂಟರ್‌ಪ್ರೈಸ್ ಕಸ್ಟಮೈಸೇಶನ್ ಫೈಲ್ ಎಂಬ ವ್ಯವಸ್ಥೆಯಿದೆ. ಎಲ್ಲರಿಗೂ ಒಂದೇ ಟೂಲ್‌ಬಾರ್ ಹಂಚಬಹುದು, ಯಾರೂ ಕೆಡಿಸಲಾಗದಂತೆ ಇಡಬಹುದು.

ರಿಬ್ಬನ್ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಹ್ಯಾಚ್ ಶುರುಮಾಡಿದಾಗ ಅದಕ್ಕೆ ಬೇಕಾದ ವಿನ್ಯಾಸ, ಅಳತೆ, ಕೋನಗಳ ಟ್ಯಾಬ್ ತಾನಾಗಿ ತೆರೆಯುವುದು ಟೂಲ್‌ಬಾರಿಗೆ ಬರದ ವಿದ್ಯೆ. ಅದರ ಬೆಲೆ ಎತ್ತರದ ಜಾಗ. ಇಂದಿನ ಲ್ಯಾಪ್‌ಟಾಪ್ ಪರದೆಗಳು ಅಗಲದಲ್ಲಿ ಉದಾರ, ಎತ್ತರದಲ್ಲಿ ಬಿಗಿ. ಮೇಲೆ ರಿಬ್ಬನ್, ಕೆಳಗೆ ಕಮಾಂಡ್ ಲೈನ್ ಕೂತರೆ ನಕ್ಷೆಗೆ ಉಳಿಯುವುದು ನಡುವಿನ ಪಟ್ಟಿ. ಪಕ್ಕದಲ್ಲಿ ನಿಲ್ಲುವ ಟೂಲ್‌ಬಾರ್ ಹೆಚ್ಚಾಗಿರುವ ಅಗಲವನ್ನು ಬಳಸಿಕೊಳ್ಳುತ್ತದೆ. ರಿಬ್ಬನ್ನನ್ನು ಬರಿಯ ಟ್ಯಾಬುಗಳಷ್ಟಕ್ಕೆ ಮಡಚಿ, ಪಕ್ಕದಲ್ಲಿ ನಿಮ್ಮ ಒಂದು ಟೂಲ್‌ಬಾರ್ ಇಟ್ಟುಕೊಳ್ಳುವುದು ಸಣ್ಣ ಪರದೆಗೆ ಒಳ್ಳೆಯ ಹೊಂದಾಣಿಕೆ. ಕಂಟ್ರೋಲ್ ಮತ್ತು ಸೊನ್ನೆ ಒಟ್ಟಿಗೆ ಒತ್ತಿದರೆ ರಿಬ್ಬನ್ನೂ ಟೂಲ್‌ಬಾರುಗಳೂ ಸರಿದು ನಕ್ಷೆಗೆ ಹೆಚ್ಚು ಜಾಗ ಸಿಗುತ್ತದೆ, ಮತ್ತೆ ಒತ್ತಿದರೆ ಹಿಂದಿನಂತಾಗುತ್ತದೆ.

ಈ ಮಾತು ಆಟೋಕ್ಯಾಡ್ ಒಂದಕ್ಕೇ ಸೀಮಿತವಲ್ಲ. ಉಚಿತವಾಗಿ ಸಿಗುವ ಮುಕ್ತ ತಂತ್ರಾಂಶ ಲಿಬ್ರೆಕ್ಯಾಡ್ ಎರಡು ಆಯಾಮದ ನಕ್ಷೆಗೆ ಚೆನ್ನಾಗಿದೆ, ಅದರಲ್ಲೂ ಟೂಲ್‌ಬಾರುಗಳನ್ನು ಜರುಗಿಸಿಕೊಳ್ಳಬಹುದು. 2024ರಲ್ಲಿ 1.0 ಆವೃತ್ತಿ ಕಂಡ ಫ್ರೀಕ್ಯಾಡ್, ವರ್ಕ್‌ಬೆಂಚ್ ಬದಲಿಸಿದಂತೆ ಟೂಲ್‌ಬಾರುಗಳನ್ನೂ ಬದಲಿಸುತ್ತದೆ. ಮನೆಯಲ್ಲಿ ಅಭ್ಯಾಸ ಮಾಡಬೇಕೆನ್ನುವ, ಲೈಸೆನ್ಸಿಗೆ ಹಣವಿಲ್ಲದ ವಿದ್ಯಾರ್ಥಿಗಳಿಗೆ ಇವು ಒಳ್ಳೆಯ ದಾರಿ. ಆಟೋಡೆಸ್ಕ್ ಕೂಡ ಅರ್ಹ ವಿದ್ಯಾರ್ಥಿಗಳಿಗೆ ಉಚಿತವಾಗಿ ಕೊಡುತ್ತದೆ. ಒಂದರಲ್ಲಿ ಆಫ್‌ಸೆಟ್ ಎಂದರೆ ದೂರ, ವಸ್ತು, ದಿಕ್ಕು ಎಂಬ ಮೂರು ಪ್ರಶ್ನೆ ಎಂದು ತಿಳಿದವರಿಗೆ ಇನ್ನೊಂದರಲ್ಲಿ ಅದರ ಹೆಸರು ಬೇರೆಯಾಗಿದ್ದರೂ ಹುಡುಕಿಕೊಳ್ಳುವುದು ಕಷ್ಟವಲ್ಲ.

ಕೊನೆಗೆ ಕಲಿಸುವವರಲ್ಲಿ ಒಂದು ಬಿನ್ನಹ. ಲ್ಯಾಬಿನ ಮೊದಲ ವಾರದಲ್ಲೇ ಪ್ರತಿ ವಿದ್ಯಾರ್ಥಿಯಿಂದ ಸ್ವಂತ ವರ್ಕ್‌ಸ್ಪೇಸ್ ಮಾಡಿಸಿ, ಹೆಸರಿಟ್ಟು ಉಳಿಸಲು ಹೇಳಿ. ಕೋರ್ಸಿನ ಮಧ್ಯೆ ಒಂದು ದಿನ ಟೂಲ್‌ಬಾರುಗಳನ್ನೆಲ್ಲ ತೆಗೆದು, ರಿಬ್ಬನ್ ಮಾತ್ರ ಇಟ್ಟು ಅದೇ ನಕ್ಷೆ ಮಾಡಿಸಿ. ಇನ್ನೊಂದು ದಿನ ರಿಬ್ಬನ್ನೂ ಮುಚ್ಚಿ ಕಮಾಂಡ್ ಲೈನ್ ಒಂದರಿಂದಲೇ ಮಾಡಿಸಿ. ಪರೀಕ್ಷೆಯಲ್ಲಿ ನಕ್ಷೆಯ ಜೊತೆಗೆ ‘ಈ ಐಕಾನ್ ಒತ್ತಿದರೆ ಸಾಫ್ಟ್‌ವೇರ್ ಯಾವ ಪ್ರಶ್ನೆ ಕೇಳುತ್ತದೆ, ಯಾವ ಕ್ರಮದಲ್ಲಿ’ ಎಂದೂ ಕೇಳಿ. ಇದಕ್ಕೆ ಹೊಸ ಕಂಪ್ಯೂಟರ್ ಬೇಡ, ಹೊಸ ಪಠ್ಯಕ್ರಮವೂ ಬೇಡ. ಸಣ್ಣ ಊರಿನ ಐಟಿಐಯಿಂದ ಬಂದವರೂ ದೊಡ್ಡ ಆಫೀಸಿನ ಅಪರಿಚಿತ ಪರದೆಯ ಮುಂದೆ ಮೊದಲ ದಿನವೇ ಧೈರ್ಯವಾಗಿ ಕೂರಬಲ್ಲರು. ಆ ಧೈರ್ಯ ಕೊಡುವುದೂ ಪಾಠದ ಭಾಗವೇ.